ಮುಯ್ಯಿಯ ಹೆಸರುಗಳು: ಆರು ಲೇಖಕರ ಒಂದು ಪ್ರಬಂಧವನ್ನು ಹಿಂಪಡೆದ ಪ್ರಕರಣ

ದಾವಣಗೆರೆಯಿಂದ ವರ್ಷಕ್ಕೆ ಎರಡು ಸಂಚಿಕೆ ಹೊರಡುವ ಒಂದು ಸಣ್ಣ ಸಂಶೋಧನಾ ಪತ್ರಿಕೆಯ ಸಂಪಾದಕನಾಗಿ ನಾನು 2024ರ ಮಧ್ಯದಲ್ಲಿ ಪ್ರಕಟಿಸಿ, 2025ರಲ್ಲಿ ಹಿಂಪಡೆದ ಒಂದು ಪ್ರಬಂಧದ ವೃತ್ತಾಂತವಿದು. ಸಂಶೋಧನಾ ವಿದ್ಯಾರ್ಥಿನಿ ಮತ್ತು ದೂರು ಕೊಟ್ಟ ಮೇಷ್ಟ್ರು ಇದನ್ನು ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಉಳಿದವರ ಗುರುತು ಸಿಗಬಾರದೆಂದು ಕಾಲೇಜು, ಊರು, ವಿಭಾಗಗಳ ಹೆಸರನ್ನು ಕೈಬಿಟ್ಟಿದ್ದೇನೆ. ತಪ್ಪಿನಲ್ಲಿ ನಮ್ಮ ಕಚೇರಿಯ ಪಾಲೂ ಇರುವುದರಿಂದ ಪತ್ರಿಕೆಯ ಹೆಸರನ್ನೂ ಬಿಟ್ಟಿರುವುದು ಸಂಪಾದಕರಿಗೆ ಅನುಕೂಲವೇ ಆಯಿತು ಎಂದು ಯಾರಾದರೂ ಅಂದರೆ ಅದಕ್ಕೆ ನನ್ನ ತಕರಾರಿಲ್ಲ.

ಚಳ್ಳಕೆರೆ ತಾಲ್ಲೂಕಿನ 48 ಕೊಳವೆಬಾವಿಗಳ ನೀರಿನಲ್ಲಿ ಮುಂಗಾರಿಗೆ ಮುಂಚೆ ಫ್ಲೋರೈಡ್ ಎಷ್ಟಿತ್ತು, ಮಳೆಗಾಲ ಕಳೆದ ಮೇಲೆ ಎಷ್ಟಾಯಿತು ಎಂಬುದು ಪ್ರಬಂಧದ ವಿಷಯ. ಆ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಹೊಸ ಸಂಗತಿಯಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಯನ್ನು ನೋಡಿದವರಿಗೆ ಪ್ರಯೋಗಾಲಯದ ವರದಿಯೇನೂ ಬೇಕಾಗುವುದಿಲ್ಲ. ಆದರೂ ಅಳತೆ ಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿ ಮಾಡಿರುವ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎನ್ನುತ್ತದೆ. ಶುದ್ಧ ಕುಡಿಯುವ ನೀರಿನ ಘಟಕ ಕೇಳುವ ಊರಿನ ಪಾಲಿಗೆ ಈ ಒಂದೂವರೆ ಎಂಬ ಅಂಕಿಯ ಆಚೆ ಈಚೆ ಬಹಳ ವ್ಯತ್ಯಾಸವಿದೆ.

ಮಳೆಗಾಲದ ನಂತರ ಬಹುಪಾಲು ಬಾವಿಗಳಲ್ಲಿ ಫ್ಲೋರೈಡ್ ಇಳಿದಿದೆ ಎಂಬುದು ಪ್ರಬಂಧದ ತೀರ್ಮಾನವಾಗಿತ್ತು. ಕೋಷ್ಟಕದಲ್ಲಿ 48 ಬಾವಿಗಳಿಗೂ ಎರಡೆರಡು ಅಂಕಿಗಳಿದ್ದವು. 29ರಲ್ಲಿ ಇಳಿಕೆ, 19ರಲ್ಲಿ ಏರಿಕೆ. ಶೀರ್ಷಿಕೆಯ ಕೆಳಗೆ ಆರು ಹೆಸರು: ಮೊದಲು ಮಾರ್ಗದರ್ಶಕರು, ಎರಡನೆಯದು ಅವರ ಕಾಲೇಜಿನ ಪ್ರಾಂಶುಪಾಲರು, ಮೂರನೆಯದು ಕೋಷ್ಟಕ ಮತ್ತು ಅಂಕಿಅಂಶದ ಕೆಲಸ ಮಾಡಿಕೊಟ್ಟ ಸಹೋದ್ಯೋಗಿ, ನಾಲ್ಕನೆಯದು ನೀರು ಸಂಗ್ರಹಿಸಿ ಅಳೆದು ಬರೆದ ವಿದ್ಯಾರ್ಥಿನಿ, ಐದನೆಯದು ಇನ್ನೊಂದು ಕಾಲೇಜಿನ ಅಧ್ಯಾಪಕರು, ಆರನೆಯದು ಕೊಳವೆಬಾವಿಗಳ ಪಟ್ಟಿ ಒದಗಿಸಿದ ಒಬ್ಬ ಸರ್ಕಾರಿ ಎಂಜಿನಿಯರ್.

ದೂರಿನ ಪತ್ರ

2024ರ ಡಿಸೆಂಬರಿನಲ್ಲಿ ಅಂಚೆಯಲ್ಲಿ ಒಂದು ಕಾಗದ ಬಂತು. ಗೆರೆ ಹಾಕಿದ ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿದ್ದ ಆ ಪತ್ರ ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕರೊಬ್ಬರದು. ತಮ್ಮ ಊರಿಗೆ ಶುದ್ಧ ನೀರಿನ ಘಟಕ ಬೇಕೆಂದು ಅವರು ಎರಡು ವರ್ಷದಿಂದ ಅರ್ಜಿ ಹಿಡಿದು ಓಡಾಡುತ್ತಿದ್ದರು. ತಾಲ್ಲೂಕು ಮಟ್ಟದ ಕಚೇರಿಯೊಂದರಲ್ಲಿ ಅವರ ಕಡತಕ್ಕೆ ಯಾರೋ ನಮ್ಮ ಪ್ರಬಂಧದ ಜೆರಾಕ್ಸ್ ಲಗತ್ತಿಸಿ, ಅವರ ಊರಿನ ಸಾಲಿಗೆ ಕೆಂಪು ಗೆರೆ ಎಳೆದಿದ್ದರು. ಮುಂಗಾರಿಗೆ ಮುಂಚೆ 1.72, ಆಮೇಲೆ 1.46. ಅಂದರೆ ಮಿತಿಯ ಒಳಗೆ. ಅಂದರೆ ಆ ಊರಿಗಿಂತ ತುರ್ತಿನ ಊರುಗಳಿವೆ.

ಅವರ ಪತ್ರದಲ್ಲಿ ಸಿಟ್ಟಿನ ಒಂದು ಮಾತೂ ಇರಲಿಲ್ಲ. "ನಮ್ಮೂರ ಬೋರಿನ ಮೋಟರು 2023ರ ದೀಪಾವಳಿಗೆ ಮುಂಚೆಯೇ ಸುಟ್ಟುಹೋಗಿ, ಮೇಲೆತ್ತಿ ಪಂಚಾಯಿತಿ ಜಗಲಿಯ ಮೇಲೆ ಇಟ್ಟಿತ್ತು. ಇಳಿಸಿದ್ದು ಸಂಕ್ರಾಂತಿ ಕಳೆದ ಮೇಲೆ. ನವೆಂಬರ್ ಕೊನೆಯ ವಾರದಲ್ಲಿ ತಾವು ಯಾವ ನೀರನ್ನು ಅಳೆದಿರಿ ಎಂಬುದನ್ನು ದಯಮಾಡಿ ತಿಳಿಸಬೇಕು" ಎಂದು ಕೇಳಿದ್ದರು. ಅಷ್ಟಕ್ಕೇ ನಿಲ್ಲಿಸದೆ ಇಡೀ ಕೋಷ್ಟಕವನ್ನು ಕ್ಯಾಲ್ಕುಲೇಟರ್ ಹಿಡಿದು ನೋಡಿದ್ದರು. 48 ಸಾಲುಗಳಲ್ಲಿ 17ಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಒಂದೇ ಅಂಕಿ ಬರೆದಿದ್ದರು: 0.85. ಆ 17 ಸಾಲುಗಳಲ್ಲಿ ಮೊದಲ ಅಂಕಿಯನ್ನು 0.85ರಿಂದ ಗುಣಿಸಿದರೆ ಎರಡನೆಯ ಅಂಕಿ ಬರುತ್ತಿತ್ತು. 2.40 ಇದ್ದದ್ದು 2.04, 1.20 ಇದ್ದದ್ದು 1.02, ಅವರ ಊರಿನ 1.72 ಇದ್ದದ್ದು 1.46. ಉಳಿದ 31 ಸಾಲುಗಳಲ್ಲಿ ಇಂಥ ಶಿಸ್ತು ಇರಲಿಲ್ಲ. ನಿಜವಾದ ನೀರಿನ ಅಂಕಿಗಳು ಹಾಗೆ ಸಾಲು ಹಿಡಿದು ನಡೆಯುವುದಿಲ್ಲ.

ಪತ್ರ ಓದಿ ನಾನು ಮಾಡಬೇಕೆಂದುಕೊಂಡ ಮೊದಲ ಕೆಲಸವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮಾರ್ಗದರ್ಶಕರಿಗೆ ಫೋನ್ ಮಾಡಿ, "ಸರ್, ಆ ಒಂದು ಸಾಲು ತೆಗೆದು ಮುಂದಿನ ಸಂಚಿಕೆಯಲ್ಲಿ ಒಪ್ಪೋಲೆ ಹಾಕಿಬಿಡೋಣ" ಎಂದು ಒಂದು ತಿದ್ದುಪಡಿಯ ಸೂಚನೆಯಲ್ಲಿ ಮುಗಿಸುವುದು ನನ್ನ ಯೋಚನೆಯಾಗಿತ್ತು. ಅವರು ನನಗಿಂತ ಹಿರಿಯರು, ಇಪ್ಪತ್ತು ವರ್ಷದ ಪರಿಚಯ, ಜಿಲ್ಲೆಯಲ್ಲಿ ಒಳ್ಳೆಯ ಮೇಷ್ಟ್ರು ಎಂಬ ಹೆಸರಿದ್ದವರು. ನಮ್ಮ ಸಂಪಾದಕ ಮಂಡಳಿಯ ಸದಸ್ಯೆಯೊಬ್ಬರು ತಡೆದರು. ಒಂದು ಸಾಲು ತಪ್ಪಿದ್ದರೆ ಅದು ಒಪ್ಪೋಲೆ, ಹದಿನೇಳು ಸಾಲು ಒಂದೇ ಅಚ್ಚಿನಲ್ಲಿ ತಪ್ಪಿದ್ದರೆ ಅದು ಬೇರೆ ಪ್ರಕರಣ ಎಂದು ಅವರು ಹೇಳಿದ ಮೇಲೆ ನಾವು ಕೋಪ್ ಸಂಸ್ಥೆಯ ಮಾರ್ಗಸೂಚಿಯನ್ನು ತೆರೆದು ಕುಳಿತೆವು. ದಾವಣಗೆರೆಯು ಚಿತ್ರದುರ್ಗದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾದ 1997ರಲ್ಲೇ ಬ್ರಿಟನ್ನಿನ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು, ಇಂಥ ಪೇಚಿಗೆ ಸಿಕ್ಕಾಗ ಒಬ್ಬರನ್ನೊಬ್ಬರು ಕೇಳಿಕೊಳ್ಳಲೆಂದು ಕಟ್ಟಿಕೊಂಡ ಪ್ರಕಟಣಾ ನೀತಿ ಸಮಿತಿ ಅದು. ಅವರ ಕ್ರಮ ಸರಳವಾಗಿದೆ: ಮೊದಲು ಯಾರ ಮೇಲೂ ಆರೋಪ ಹೊರಿಸದೆ ಲೇಖಕರನ್ನು ವಿವರಣೆ ಕೇಳಬೇಕು, ಮೂಲ ದತ್ತಾಂಶ ತರಿಸಿಕೊಳ್ಳಬೇಕು, ಉತ್ತರ ತೃಪ್ತಿ ತರದಿದ್ದರೆ ಅವರ ಸಂಸ್ಥೆಗೆ ಬರೆಯಬೇಕು. ತನಿಖೆ ಸಂಸ್ಥೆಯ ಕೆಲಸ. ಪತ್ರಿಕೆಯ ಹೊಣೆ ತಾನು ಅಚ್ಚು ಹಾಕಿದ ಮಾತಿಗೆ ಮಾತ್ರ.

ಆರು ಪತ್ರ, ಆರು ಉತ್ತರ

ಆರು ಲೇಖಕರಿಗೂ ಪ್ರತ್ಯೇಕವಾಗಿ ಬರೆಯಲು ಹೊರಟಾಗ ನಮ್ಮ ಕಡತದಲ್ಲಿ ಆರು ವಿಳಾಸಗಳೇ ಇಲ್ಲವೆಂಬುದು ಗೊತ್ತಾಯಿತು. ಸಂಪರ್ಕ ಲೇಖಕರೆಂದು ಮಾರ್ಗದರ್ಶಕರ ಇಮೇಲ್ ಒಂದಿತ್ತು. ಎಲ್ಲರ ಪರವಾಗಿ ಅವರೊಬ್ಬರೇ ಸಹಿ ಮಾಡಿದ ಘೋಷಣಾ ಪತ್ರವಿತ್ತು. ಉಳಿದ ಐವರು ಈ ಪ್ರಬಂಧವನ್ನು ನೋಡಿದ್ದಾರೆಯೇ, ಒಪ್ಪಿದ್ದಾರೆಯೇ ಎಂದು ನಾವು ಯಾರನ್ನೂ ಕೇಳಿರಲಿಲ್ಲ.

ಮಾರ್ಗದರ್ಶಕರು ಬರೆಯಲಿಲ್ಲ, ಫೋನ್ ಮಾಡಿದರು. "ಆ ಮೇಷ್ಟ್ರು ಊರಿನ ರಾಜಕೀಯದಲ್ಲಿ ಇರೋರು ಸರ್, ನೀವು ತಲೆಗೆ ಹಚ್ಕೋಬೇಡಿ" ಎಂದರು. ಪ್ರಾಂಶುಪಾಲರು ಕಾಲೇಜಿನ ಮುದ್ರೆಯುಳ್ಳ ಹಾಳೆಯಲ್ಲಿ, ಸದರಿ ಪ್ರಬಂಧದ ತಾಂತ್ರಿಕ ಅಂಶಗಳ ಬಗ್ಗೆ ತಮಗೆ ಮಾಹಿತಿ ಇರುವುದಿಲ್ಲವೆಂದು ಒಂದೇ ವಾಕ್ಯದಲ್ಲಿ ತಿಳಿಸಿದರು. ಆ ಒಂದು ವಾಕ್ಯ ಅವರನ್ನು ತಪ್ಪಿನಿಂದ ಪಾರುಮಾಡುವಂತೆ ಕಂಡರೂ ಎರಡನೆಯ ಲೇಖಕರ ಲೇಖನಿಯಿಂದ ಬಂದಾಗ ಅದೇ ತಪ್ಪೊಪ್ಪಿಗೆಯಾಗುತ್ತದೆ. ಎಂಜಿನಿಯರ್ ಅವರಂತೂ ತಮ್ಮ ಹೆಸರು ಪ್ರಬಂಧದಲ್ಲಿರುವುದನ್ನು ನಮ್ಮ ಪತ್ರ ನೋಡಿದ ಮೇಲೆ ತಿಳಿದರಂತೆ. ಇಲಾಖೆಯ ಅನುಮತಿಯಿಲ್ಲದೆ ಹೀಗೆ ಹೆಸರು ಬಂದರೆ ತಮಗೆ ತೊಂದರೆಯಾಗುತ್ತದೆಂದು ಕೂಡಲೇ ತೆಗೆಯಲು ಕೋರಿದರು. ಐದನೆಯವರ ಉತ್ತರ ಬಂದದ್ದು 2025ರ ಫೆಬ್ರವರಿಯಲ್ಲಿ, ವಿಶ್ವವಿದ್ಯಾಲಯ ಧನಸಹಾಯ ಆಯೋಗವು ತಾನು ಮಾನ್ಯ ಮಾಡಿದ ಪತ್ರಿಕೆಗಳ ಕೇರ್ ಪಟ್ಟಿಯನ್ನು ನಿಲ್ಲಿಸಿದ ಸುದ್ದಿ ಬಂದ ದಿನಗಳಲ್ಲಿ. ದತ್ತಾಂಶದ ಬಗ್ಗೆ ಅವರು ಏನೂ ಹೇಳಲಿಲ್ಲ; ಪಟ್ಟಿ ಹೋದ ಮೇಲೂ ಈ ಪ್ರಕಟಣೆಗೆ ಬಡ್ತಿಯ ಅಂಕ ಸಿಗುತ್ತದೆಯೇ ಎಂದು ಕೇಳಿದರು.

ಮೂರನೆಯವರು ಎಕ್ಸೆಲ್ ಕಡತ ಕಳಿಸಿದರು. ಅದರಲ್ಲಿ ಹದಿನೇಳು ಮನೆಗಳ ಮೇಲೆ ಬೆರಳಿಟ್ಟರೆ ಅಂಕಿಯ ಬದಲು ಸೂತ್ರವೇ ಕಾಣುತ್ತಿತ್ತು: ಪಕ್ಕದ ಮನೆಯನ್ನು 0.85ರಿಂದ ಗುಣಿಸು. ಅಳಿಸಬೇಕೆಂದೂ ಅವರಿಗೆ ಅನಿಸಿರಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಯೋಚನೆಗೆ ಹಚ್ಚಿದ ಸಂಗತಿಯೆಂದರೆ ಇದೇ. ಅವರು ಕಳ್ಳತನ ಮಾಡುತ್ತಿದ್ದೇನೆಂದು ತಿಳಿದು ಮಾಡಿದವರಂತೆ ಕಾಣಲಿಲ್ಲ. ಖಾಲಿ ಮನೆಗಳಿದ್ದರೆ ಪ್ರತಿ ಬಾವಿಯ ಎರಡು ಅಂಕಿಗಳನ್ನು ಹೋಲಿಸುವ ಜೋಡಿ ಪರೀಕ್ಷೆಯನ್ನು ತಂತ್ರಾಂಶ ಪೂರ್ತಿ ಮಾಡುವುದಿಲ್ಲ, ಕಾಣೆಯಾದ ಅಂಕಿಗಳನ್ನು ಅಂದಾಜಿನಿಂದ ತುಂಬುವುದು ಸಂಖ್ಯಾಶಾಸ್ತ್ರದಲ್ಲಿ ಇದ್ದದ್ದೇ ಎಂದು ಅವರು ವಾದಿಸಿದರು. ಅದು ಇದ್ದದ್ದೇ, ನಿಜ. ಆದರೆ ತುಂಬುವವರು ಎಷ್ಟು ಅಂಕಿ ಕಾಣೆಯಾಗಿದ್ದವು, ಏಕೆ ಕಾಣೆಯಾಗಿದ್ದವು, ಯಾವ ವಿಧಾನದಿಂದ ತುಂಬಿದೆವು, ತುಂಬದೆ ನೋಡಿದರೆ ಫಲಿತಾಂಶ ಏನಾಗುತ್ತದೆ ಎಂಬುದನ್ನು ಪ್ರಬಂಧದಲ್ಲಿಯೇ ಹೇಳಬೇಕು. ಇಲ್ಲಿ ಅಳೆಯದ ನೀರಿನ ಅಂಕಿಯನ್ನು ಅಳೆದ ನೀರಿನ ಅಂಕಿಯ ಪಕ್ಕದಲ್ಲಿ ಒಂದೇ ಅಚ್ಚಿನಲ್ಲಿ ದಶಮಾಂಶದ ಎರಡು ಸ್ಥಾನದವರೆಗೆ ಕೂರಿಸಲಾಗಿತ್ತು. ಮೇಲಾಗಿ 0.85 ಎಂಬುದು ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ, "ಮಳೆ ಬಂದ್ರೆ ಸ್ವಲ್ಪ ತಿಳಿಯಾಗುತ್ತಲ್ಲ ಸರ್" ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗಲಿಲ್ಲ. 2023ರಲ್ಲಿ ಮಳೆ ಬಂದಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿದ ವರ್ಷವದು.

ನಾಲ್ಕನೆಯ ಲೇಖಕಿ ಉತ್ತರ ಬರೆಯಲಿಲ್ಲ, ಬಸ್ ಹತ್ತಿ ದಾವಣಗೆರೆಗೇ ಬಂದರು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಉದ್ದ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, "ಸರ್, ಇದರಲ್ಲಿ ಇರೋದಷ್ಟೇ ನಾನು ಮಾಡಿದ್ದು" ಎಂದರು. ಎಡ ಪುಟದಲ್ಲಿ ಮುಂಗಾರಿಗೆ ಮುಂಚಿನ ಸುತ್ತು, ಬಲ ಪುಟದಲ್ಲಿ ನಂತರದ್ದು. ಬಾಟಲಿಯ ಸಂಖ್ಯೆ, ಊರು, ದಿನ, ಹೊತ್ತು, ನೀರಿನ ಉಷ್ಣತೆ, ಜೊತೆಗಿದ್ದವರು ಯಾರು ಎಂಬ ಕಲಮುಗಳು. ಫ್ಲೋರೈಡಿಗೆ ಗಾಜಿನ ಬಾಟಲಿ ಆಗದಾದ್ದರಿಂದ ಪಾಲಿಥೀನ್ ಬಾಟಲಿಗಳನ್ನು ಬಳಸಿದ್ದು, ಪ್ರತಿ ಹತ್ತು ಅಳತೆಗೊಮ್ಮೆ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡನ್ನು ಪ್ರಮಾಣಿತ ದ್ರಾವಣದಲ್ಲಿ ಇಟ್ಟು ಸರಿನೋಡಿದ್ದು, ಒಂದು ಮಧ್ಯಾಹ್ನ ಕರೆಂಟು ಹೋಗಿ ಆರು ಅಳತೆಗಳನ್ನು ಮರುದಿನ ಮೊದಲಿಂದ ಮಾಡಿದ್ದು, ಎಲ್ಲವೂ ಅಲ್ಲಿತ್ತು. ಬಲ ಪುಟಗಳಲ್ಲಿ ಹದಿನೇಳು ಕಡೆ ಅಂಕಿಯ ಜಾಗದಲ್ಲಿ ಅಡ್ಡಗೆರೆ ಎಳೆದು ಕಾರಣ ಬರೆದಿದ್ದರು. ಹನ್ನೊಂದು ಬಾವಿಗಳಿಗೆ "ಬತ್ತಿದೆ". ನಾಲ್ಕಕ್ಕೆ "ಮೋಟರ್ ಮೇಲೆ". ಎರಡಕ್ಕೆ "ಮಾಲೀಕರು ಬಿಡಲಿಲ್ಲ". 33ನೇ ಬಾಟಲಿಯ ಸಾಲಿನಲ್ಲಿ ಹೀಗಿತ್ತು: "ಮೋಟರ್ ಮೇಲೆ. ಮೇಷ್ಟ್ರ ಮನೆಯಲ್ಲಿ ಮಜ್ಜಿಗೆ ಕೊಟ್ಟರು." ದೂರು ಕೊಟ್ಟ ಮೇಷ್ಟ್ರು ಆ ದಿನ ಮನೆಗೆ ಬಂದಿದ್ದ ಹುಡುಗಿಯನ್ನು ನೆನಪಿಟ್ಟುಕೊಂಡೇ ಪ್ರಶ್ನೆ ಕೇಳಿದ್ದರೋ ಏನೋ, ಪತ್ರದಲ್ಲಂತೂ ಅವರು ಅದನ್ನು ಹೇಳಿರಲಿಲ್ಲ.

ಕೋಷ್ಟಕವನ್ನು ವಿದ್ಯಾರ್ಥಿನಿ ಮೊದಲು ನೋಡಿದ್ದು ಪ್ರಬಂಧ ನಮಗೆ ಸಲ್ಲಿಕೆಯಾದ ಮೇಲೆ, ಮೊಬೈಲಿನಲ್ಲಿ ಬಂದ ಪಿಡಿಎಫ್‌ನಲ್ಲಿ. ಅಡ್ಡಗೆರೆಗಳೆಲ್ಲ ಅಂಕಿಗಳಾಗಿರುವುದನ್ನು ಮಾರ್ಗದರ್ಶಕರಿಗೆ ಹೇಳಿದಾಗ, "ಅದನ್ನ ಅವರು ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಸರಿ ಮಾಡಿದಾರೆ, ಬಿಡಮ್ಮ" ಎಂಬ ಮಾತು ಬಂತು. ಅವರು ಬಿಟ್ಟರು. 2016ರ ಪಿಎಚ್.ಡಿ. ನಿಯಮಾವಳಿಯಡಿ ನೋಂದಣಿಯಾದವರಿಗೆ ಮಹಾಪ್ರಬಂಧ ಸಲ್ಲಿಸುವ ಮುನ್ನ ತಜ್ಞರ ಪರಿಶೀಲನೆಯಿರುವ ಪತ್ರಿಕೆಯಲ್ಲಿ ಒಂದು ಪ್ರಬಂಧವಾದರೂ ಬಂದಿರಬೇಕಿತ್ತು. 2022ರ ನಿಯಮಾವಳಿ ಆ ಕಡ್ಡಾಯವನ್ನು ತೆಗೆದರೂ ಇವರು ಹಳೆಯ ಲೆಕ್ಕದವರು. ನಾಲ್ಕನೆಯದಾದರೂ ಹೆಸರು ಇದ್ದರೆ ಸಾಕೆನ್ನುವ ಸ್ಥಿತಿಯಲ್ಲಿದ್ದವರು ಸುಮ್ಮನಾದದ್ದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ, ಆದರೆ ಅದನ್ನು ನಿರ್ದೋಷವೆಂದು ಬರೆಯಲಾರೆ; ಅವರೂ ಹಾಗೆ ಬರೆಯಬೇಡಿ ಎಂದಿದ್ದಾರೆ.

ಹೆಸರು ಯಾರದಾಗಬೇಕು

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಮೊದಲು ಸೇರಿದ ಗುಂಪಿನಿಂದ ಬೆಳೆದದ್ದು. ಅದು ಲೇಖಕ ಎನ್ನಿಸಿಕೊಳ್ಳಲು ನಾಲ್ಕು ಷರತ್ತು ಇಟ್ಟಿದೆ. ಕೆಲಸದ ಕಲ್ಪನೆ, ವಿನ್ಯಾಸ, ದತ್ತಾಂಶ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲಿರಬೇಕು. ಬರೆಯುವುದರಲ್ಲಿ ಅಥವಾ ವಿಮರ್ಶಾತ್ಮಕವಾಗಿ ತಿದ್ದುವುದರಲ್ಲಿ ಕೈಯಿರಬೇಕು. ಪ್ರಕಟವಾಗುವ ಅಂತಿಮ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ಮತ್ತು ಕೆಲಸದ ಯಾವುದೇ ಭಾಗದ ಬಗ್ಗೆ ಪ್ರಶ್ನೆ ಬಂದಾಗ ಉತ್ತರಕ್ಕೆ ಬಾಧ್ಯನಾಗಿರಲು ಒಪ್ಪಿರಬೇಕು. ನಾಲ್ಕನೆಯದು ಸೇರಿದ್ದು 2013ರಲ್ಲಿ. ನಾಲ್ಕರಲ್ಲಿ ಒಂದನ್ನು ಮಾಡಿದರೆ ಸಾಲದು, ನಾಲ್ಕೂ ಆಗಬೇಕು. ಹಣ ತಂದದ್ದು, ಆಡಳಿತದ ನೆರವು ನೀಡಿದ್ದು, ಇಲಾಖೆಯ ಮುಖ್ಯಸ್ಥನಾಗಿದ್ದದ್ದು ಇವಿಷ್ಟೇ ಆದರೆ ಕೃತಜ್ಞತೆಯ ಪ್ಯಾರಾದಲ್ಲಿ ಹೆಸರು ಬರಬಹುದು, ಶೀರ್ಷಿಕೆಯ ಕೆಳಗಲ್ಲ.

ಈ ಅಳತೆಗೋಲಿನಲ್ಲಿ ನಮ್ಮ ಆರು ಹೆಸರುಗಳನ್ನು ಇಟ್ಟು ನೋಡಿದರೆ ವಿದ್ಯಾರ್ಥಿನಿಯ ಕೆಲಸ ಮೊದಲ ಹೆಸರಿಗೆ ತಕ್ಕದ್ದು. ಮಾರ್ಗದರ್ಶಕರೂ ಲೇಖಕರೇ, ವಿಷಯ ಹೊಳೆದದ್ದು ಅವರಿಗೆ, ಬಾವಿಗಳನ್ನು ಆರಿಸಿದ ಕ್ರಮ ಅವರದು, ಎಲೆಕ್ಟ್ರೋಡ್ ಕೆಟ್ಟಾಗ ಕೈಯಿಂದ ಹಣ ಹಾಕಿ ತರಿಸಿದವರೂ ಅವರೇ. ಮೂರನೆಯವರ ಪಾಲು ಇತ್ತು, ಅದು ಎಂಥ ಪಾಲೆಂಬುದು ಬೇರೆ ಮಾತು. ಪ್ರಾಂಶುಪಾಲರು ಕಾಲೇಜಿನ ಜೀಪು ಕೊಟ್ಟಿದ್ದರು. ಎಂಜಿನಿಯರ್ ಪಟ್ಟಿ ಕೊಟ್ಟಿದ್ದರು. ಐದನೆಯವರು ಏನು ಮಾಡಿದ್ದರೆಂದು ಯಾರಿಗೂ ಹೇಳಲಾಗಲಿಲ್ಲ. ಇತ್ತ 48 ಮತ್ತು 31, ಒಟ್ಟು 79 ಅಳತೆಗಳ ಹೊತ್ತಿನಲ್ಲಿ ಎಲೆಕ್ಟ್ರೋಡಿನ ಮುಂದೆ ನಿಂತಿದ್ದ ಪ್ರಯೋಗಾಲಯದ ಸಹಾಯಕರ ಹೆಸರು ಲೇಖಕರ ಸಾಲಿನಲ್ಲಿ ಹೋಗಲಿ, ಕೃತಜ್ಞತೆಯಲ್ಲೂ ಇರಲಿಲ್ಲ.

ಐದನೆಯವರ ಒಗಟನ್ನು ಬಿಡಿಸಿದ್ದು ನಮ್ಮದೇ ಹಳೆಯ ಸಂಚಿಕೆಗಳು. ಹಿಂದಿನ ವರ್ಷ ಅವರು ಬರೆದ ಒಂದು ಪ್ರಬಂಧದಲ್ಲಿ ನಮ್ಮ ಮಾರ್ಗದರ್ಶಕರ ಹೆಸರು ನಾಲ್ಕನೆಯದಾಗಿ ಇತ್ತು. ಮದುವೆ ಮನೆಯ ಬಾಗಿಲಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಯಾರು ಎಷ್ಟು ಮುಯ್ಯಿ ಓದಿಸಿದರೆಂದು ಬರೆದುಕೊಳ್ಳುತ್ತಾರಲ್ಲ, ನಾಳೆ ಅವರ ಮನೆಯ ಕಾರ್ಯಕ್ಕೆ ಅಷ್ಟನ್ನೇ ತಿರುಗಿಸಲು. ಇದೂ ಅದೇ ಲೆಕ್ಕ. ಪ್ರಾಂಶುಪಾಲರ ಹೆಸರು ಲಗ್ನಪತ್ರಿಕೆಯ ಕೆಳಗಿನ "ಸುಖಾಗಮನ ಬಯಸುವವರು" ಸಾಲಿನಿಂದ ಬಂದದ್ದು; ಬಿಟ್ಟರೆ ಬೇಸರವಾದೀತು, ಹಾಕಿದರೆ ಖರ್ಚಿಲ್ಲ. ಮುಯ್ಯಿಯನ್ನಾಗಲಿ ಲಗ್ನಪತ್ರಿಕೆಯನ್ನಾಗಲಿ ನಾನು ಹಳಿಯುತ್ತಿಲ್ಲ, ಬಾಳುವೆ ಅದರ ಮೇಲೂ ನಿಂತಿದೆ. ಆದರೆ ಲಗ್ನಪತ್ರಿಕೆಯಲ್ಲಿ ಹೆಸರು ಅಚ್ಚಾದವರನ್ನು ಮದುವೆ ಮುರಿದುಬಿದ್ದಾಗ ಯಾರೂ ಕರೆದು ಕೇಳುವುದಿಲ್ಲ. ಪ್ರಬಂಧದ ಕೆಳಗೆ ಹೆಸರು ಹಾಕಿಸಿಕೊಂಡವರನ್ನು ಕೇಳಲೇಬೇಕಾಗುತ್ತದೆ, ಮತ್ತು ನಾವು ಕೇಳಿದಾಗ ಆರರಲ್ಲಿ ಮೂವರಿಗೆ ಉತ್ತರವೇ ಗೊತ್ತಿರಲಿಲ್ಲ.

ಖರ್ಚಿಲ್ಲ ಎಂದೆ, ಲಾಭವಿದೆ ಎಂಬುದನ್ನೂ ಹೇಳಬೇಕು. ಆಯೋಗದ 2018ರ ನೇಮಕಾತಿ ಮತ್ತು ಬಡ್ತಿ ನಿಯಮಾವಳಿಯಲ್ಲಿ ಸಂಶೋಧನಾ ಅಂಕದ ಕೋಷ್ಟಕವಿದೆ. ವಿಜ್ಞಾನ ವಿಷಯದ ಒಂದು ಪ್ರಬಂಧಕ್ಕೆ ಮೂಲ ಅಂಕ 8. ಒಬ್ಬರೇ ಬರೆದರೆ ಆ 8 ಅವರದೇ. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಪ್ರಧಾನ ಲೇಖಕರಿಗೆ ಅದರ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ಅಂದರೆ ನಮ್ಮ ಪ್ರಬಂಧದಲ್ಲಿ ಮೊದಲಿಗರಿಗೆ 5.6, ಉಳಿದ ಐವರಿಗೆ ತಲಾ 2.4, ಒಟ್ಟು 17.6. ಒಂದೇ ಕೆಲಸ, ಹೆಸರು ಹೆಚ್ಚಿದಷ್ಟೂ ಅಂಕ ಹೆಚ್ಚು. ಏಳನೆಯ ಹೆಸರು ಸೇರಿಸಿದ್ದರೆ ಮೊದಲಿಗರ ಪಾಲಿನಿಂದ ಏನೂ ಕಡಿಮೆಯಾಗುತ್ತಿರಲಿಲ್ಲ, ಜಗತ್ತಿನಲ್ಲಿ ಇನ್ನೊಂದು 2.4 ಹುಟ್ಟುತ್ತಿತ್ತು. ಇಂಥ ಕಣದಲ್ಲಿ ಕೊಡುಗೈಯವರಾಗದೆ ಇರುವುದು ಕಷ್ಟ.

ನಮ್ಮ ಪಾಲು

ಈಗ ನಮ್ಮ ಮೇಜಿನ ಲೆಕ್ಕ. ನಮ್ಮ ಪತ್ರಿಕೆಯಲ್ಲಿ ಪ್ರಬಂಧ ಬರಬೇಕಾದರೆ ಪ್ರತಿ ಲೇಖಕರೂ ಸದಸ್ಯರಾಗಿರಬೇಕೆಂಬ ನಿಯಮವಿತ್ತು, ಸದಸ್ಯತ್ವಕ್ಕೆ ತಲಾ 1,000 ರೂಪಾಯಿ. ಈ ಪ್ರಬಂಧದಿಂದ ನಮಗೆ ಬಂದದ್ದು 6,000. ಮುದ್ರಣಾಲಯದ ಬಾಕಿ ತೀರಿಸುವ ವಾರದಲ್ಲಿ ಅದು ಸಣ್ಣ ಮೊತ್ತವಲ್ಲ. ಲೇಖಕರ ಸಂಖ್ಯೆ ಹೆಚ್ಚಾದಷ್ಟು ನಮಗೂ ಲಾಭವಿದ್ದಾಗ, ಈ ಆರನೆಯವರು ಯಾರು ಎಂದು ಕೇಳುವ ನಾಲಿಗೆ ನಮಗೆ ಬರುವುದೆಲ್ಲಿಂದ? ಹಿತಾಸಕ್ತಿಯ ಸಂಘರ್ಷವನ್ನು ಘೋಷಿಸಿ ಎಂದು ಲೇಖಕರಿಂದ ಸಹಿ ಹಾಕಿಸಿಕೊಳ್ಳುತ್ತಿದ್ದ ನಾನು ನನ್ನದನ್ನು ಎಲ್ಲಿಯೂ ಘೋಷಿಸಿರಲಿಲ್ಲ.

ಪ್ರಬಂಧ ಕೈಗೆ ಬಂದ ದಿನ ನಾನು ಮೊದಲು ನೋಡಿದ್ದು, ಬೇರೆ ಬರಹಗಳಿಗೆ ಎಷ್ಟು ಹೋಲುತ್ತದೆಂದು ತಂತ್ರಾಂಶ ಹೇಳುವ ಹೋಲಿಕೆಯ ವರದಿಯನ್ನು. ಶೇ 7 ಎಂದಿತ್ತು. ಆಯೋಗದ 2018ರ ಕೃತಿಚೌರ್ಯ ತಡೆ ನಿಯಮಾವಳಿಯ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಆಮೇಲೆ 40, 60, ಅದರಾಚೆ ಎಂದು ಮೂರು ಹಂತದ ಶಿಕ್ಷೆಗಳಿವೆ. ಆ ನಿಯಮ ಬಂದ ಮೇಲೆ ನಮ್ಮಲ್ಲಿ ನೀತಿಯೆಂದರೆ ಶೇಕಡಾವಾರು ಎಂಬ ರೂಢಿ ಬೆಳೆದುಬಿಟ್ಟಿದೆ. ಸಂಪಾದಕರು, ಮಾರ್ಗದರ್ಶಕರು, ಗ್ರಂಥಪಾಲಕರು ಎಲ್ಲರೂ ಆ ಒಂದು ಅಂಕಿ ನೋಡಿ ನಿಟ್ಟುಸಿರು ಬಿಡುತ್ತೇವೆ. 0.85ರಿಂದ ಗುಣಿಸಿ ಪಡೆದ ಅಂಕಿಯನ್ನು ಯಾರಿಂದಲೂ ಕದ್ದಿಲ್ಲವಾದ್ದರಿಂದ ಅದು ಯಾವುದಕ್ಕೂ ಹೋಲುವುದಿಲ್ಲ. ಹುಟ್ಟಿಸಿದ ಅಂಕಿ ಯಾವಾಗಲೂ ಸ್ವಂತದ್ದೇ.

ಇಬ್ಬರು ಪರಿಶೀಲಕರಿಗೆ ಕಳಿಸಿದ್ದೆವು. ಒಬ್ಬರನ್ನು ಸೂಚಿಸಿದವರು ಲೇಖಕರೇ. ಅವರು ಐದನೆಯ ಲೇಖಕರ ಕಾಲೇಜಿನಲ್ಲೇ ಇದ್ದಾರೆಂಬುದನ್ನು ನಾವು ಗಮನಿಸಲಿಲ್ಲ. ಅವರ ವರದಿ ಮೂರು ಸಾಲು, ಮೂರರಲ್ಲೂ ಮೆಚ್ಚುಗೆ. ಇನ್ನೊಬ್ಬ ಪರಿಶೀಲಕರು ತಮ್ಮ ವರದಿಯ ಐದನೆಯ ಅಂಶವಾಗಿ, ಬರದ ವರ್ಷದ ನವೆಂಬರಿನಲ್ಲಿ 48ಕ್ಕೆ 48 ಬಾವಿಗಳಲ್ಲೂ ನೀರು ಸಿಕ್ಕಿತೇ ಎಂದು ಕೇಳಿದ್ದರು. ಮೇಷ್ಟ್ರು ಕೇಳಿದ್ದನ್ನೇ ಅವರು ಹತ್ತು ತಿಂಗಳು ಮೊದಲು ಕೇಳಿದ್ದರು. ಲೇಖಕರ ಉತ್ತರ: "ಎಲ್ಲ ಮಾದರಿಗಳನ್ನೂ ನಿಗದಿತ ಅವಧಿಯಲ್ಲಿ ಸಂಗ್ರಹಿಸಲಾಗಿದೆ." ಪ್ರಶ್ನೆಗೆ ಸರಿಯಾದ ಉತ್ತರವೇ ಅಲ್ಲದ ಈ ವಾಕ್ಯದ ಪಕ್ಕದಲ್ಲಿ ಹಸಿರು ಶಾಯಿಯ ಒಂದು ಟಿಕ್ ಇದೆ. ಆ ಟಿಕ್ ನನ್ನದು.

ತೀರ್ಮಾನ ಮತ್ತು ಆಮೇಲಿನದು

ತಿದ್ದುಪಡಿಯೋ ಹಿಂಪಡೆಯುವುದೋ ಎಂಬುದು ಮಂಡಳಿಯ ಮುಂದಿದ್ದ ಪ್ರಶ್ನೆ. ಲೇಖಕರ ಪಟ್ಟಿಯಷ್ಟೇ ತಪ್ಪಾಗಿದ್ದು ಫಲಿತಾಂಶ ಗಟ್ಟಿಯಾಗಿದ್ದರೆ ಹಿಂಪಡೆಯುವುದು ಸಲ್ಲದು, ಹೆಸರುಗಳನ್ನು ತಿದ್ದಿದರೆ ಸಾಕು ಎಂದು ಕೋಪ್ ಮಾರ್ಗಸೂಚಿ ಹೇಳುತ್ತದೆ. ಫಲಿತಾಂಶವನ್ನೇ ನಂಬಲಾಗದಿದ್ದರೆ ಹಿಂಪಡೆಯಬೇಕು. ಆದ್ದರಿಂದ ಹದಿನೇಳು ಸಾಲುಗಳನ್ನು ತೆಗೆದು ಮತ್ತೆ ಎಣಿಸಿದೆವು. ಉಳಿದ 31 ಬಾವಿಗಳಲ್ಲಿ ಫ್ಲೋರೈಡ್ ಇಳಿದದ್ದು 12ರಲ್ಲಿ, ಏರಿದ್ದು 19ರಲ್ಲಿ. ಇಳಿದ 29ರಲ್ಲಿ 17 ಆ 0.85ರ ಸೂತ್ರದವೇ. ಪ್ರಬಂಧ ಹೇಳಿದ್ದಕ್ಕೆ ತದ್ವಿರುದ್ಧವಾದ ಮಾತನ್ನು ವಿದ್ಯಾರ್ಥಿನಿಯ ನೋಟ್‌ಬುಕ್ ಹೇಳುತ್ತಿತ್ತು. ಚರ್ಚೆಗೆ ಇನ್ನೇನೂ ಉಳಿಯಲಿಲ್ಲ.

ಪ್ರಬಂಧವನ್ನು ಜಾಲತಾಣದಿಂದ ಸದ್ದಿಲ್ಲದೆ ಕಿತ್ತುಹಾಕಬೇಕೆಂದು ಮಾರ್ಗದರ್ಶಕರು ಕೇಳಿಕೊಂಡರು; ಅದು ದಯೆಯ ಮಾತಿನಂತೆ ಕೇಳಿಸಿದರೂ ಹಾಗೆ ಮಾಡಿದರೆ ಈಗಾಗಲೇ ಜೆರಾಕ್ಸ್ ಆಗಿ ಕಡತಗಳಲ್ಲಿ ಕೂತಿರುವ ಪ್ರತಿಗಳಿಗೆ ಯಾರೂ ಉತ್ತರ ಹೇಳುವವರಿರುವುದಿಲ್ಲ. ಪ್ರಬಂಧ ಅಲ್ಲೇ ಇದೆ, ಪ್ರತಿ ಪುಟದ ಮೇಲೂ "ಹಿಂಪಡೆಯಲಾಗಿದೆ" ಎಂಬ ಅಡ್ಡಬರಹವಿದೆ. ಯಾರು ಹಿಂಪಡೆದರು, ಏಕೆ, ಯಾವ 17 ಅಂಕಿಗಳು ಅಳೆದವಲ್ಲ ಎಂಬುದು ಸೂಚನೆಯಲ್ಲಿದೆ. ಹಿಂಪಡೆಯಲು ಇಬ್ಬರು ಲೇಖಕರು ಒಪ್ಪಲಿಲ್ಲವೆಂಬುದೂ ಇದೆ. ಪರಿಶೀಲಕರ ಪ್ರಶ್ನೆಯನ್ನು ಸಂಪಾದಕರು ಕಡೆಗಣಿಸಿದ್ದರು ಎಂಬ ವಾಕ್ಯವನ್ನು ಸೇರಿಸಬೇಕೆಂದು ಮಂಡಳಿಯ ಆ ಸದಸ್ಯೆಯೇ ಹಟ ಹಿಡಿದರು, ಸೇರಿಸಿದೆವು. ಸೂಚನೆಯ ಕನ್ನಡ ಸಾರಾಂಶವನ್ನು ಮೇಷ್ಟ್ರಿಗೂ ಅವರ ಅರ್ಜಿಯಿದ್ದ ಕಚೇರಿಗೂ ನೋಂದಾಯಿತ ಅಂಚೆಯಲ್ಲಿ ಕಳಿಸಿದೆವು.

ಕಾಲೇಜು ಒಂದು ಸಮಿತಿ ಮಾಡಿತು. ಸಮಿತಿಗೆ ಸಿಕ್ಕ ನಿಯಮಾವಳಿ ಹೋಲಿಕೆಯ ಶೇಕಡಾವಾರಿನದು, ಮುಂದಿದ್ದ ತಪ್ಪು ಬೇರೆ ಜಾತಿಯದು. ಕೊನೆಗೆ ಮೂರನೆಯವರಿಗೆ ಲಿಖಿತ ಎಚ್ಚರಿಕೆ ಕೊಟ್ಟು, ಆ ಪ್ರಬಂಧದ ಅಂಕವನ್ನು ಯಾರೂ ಎಣಿಸಿಕೊಳ್ಳಬಾರದೆಂದು ನಿರ್ಣಯಿಸಿತು. ವಿದ್ಯಾರ್ಥಿನಿ 31 ಬಾವಿಗಳ ದತ್ತಾಂಶವನ್ನಿಟ್ಟುಕೊಂಡು ಹೊಸದಾಗಿ ಬರೆದರು. ಅದು ಬೇರೊಂದು ಪತ್ರಿಕೆಯಲ್ಲಿ ಎರಡೇ ಹೆಸರುಗಳೊಂದಿಗೆ ಪ್ರಕಟವಾಗಿದೆ, ಮೊದಲ ಹೆಸರು ಅವರದು. ಬಾವಿಗಳು ಬತ್ತಿದ್ದಕ್ಕೇ ಒಂದು ಪ್ಯಾರಾ ಇದೆ, ಪ್ರಯೋಗಾಲಯದ ಸಹಾಯಕರಿಗೆ ಕೃತಜ್ಞತೆಯಿದೆ. ಪ್ರಕಟವಾಗುವ ಮುನ್ನ ಆ ಇಬ್ಬರು ಲೇಖಕರೂ 33ನೇ ಬಾಟಲಿಯ ಊರಿಗೆ ಇನ್ನೊಮ್ಮೆ ಹೋಗಿ ನೀರು ತಂದರು. ಬಂದ ಅಂಕಿ 1.81. ಅದು ಪ್ರಬಂಧಕ್ಕೆ ಸೇರುವ ಅಂಕಿಯಲ್ಲ; ಬಿಳಿ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ ಮೇಷ್ಟ್ರ ಕೈಗೆ ಕೊಟ್ಟು ಬಂದಿದ್ದಾರೆ. ಅರ್ಜಿ ಇನ್ನೂ ಕಚೇರಿಯಲ್ಲಿದೆ.

ನಾವು ತಲಾ ಲೇಖಕರ ಶುಲ್ಕ ಬಿಟ್ಟು ಪ್ರಬಂಧಕ್ಕೆ ಇಷ್ಟು ಎಂದು ಮಾಡಿದೆವು. ಈಗ ಪ್ರತಿ ಲೇಖಕರೂ ತಮ್ಮದೇ ಇಮೇಲ್‌ನಿಂದ ಒಪ್ಪಿಗೆ ಕಳಿಸಬೇಕು, ತಾವು ಮಾಡಿದ ಕೆಲಸವನ್ನು ಒಂದು ನಮೂನೆಯಲ್ಲಿ ತುಂಬಬೇಕು. ಹದಿನಾಲ್ಕು ಬಗೆಯ ಪಾತ್ರಗಳನ್ನು ಗುರುತಿಸುವ ಕ್ರೆಡಿಟ್ ಎಂಬ ಪದ್ಧತಿಯಿಂದ ನಮಗೆ ಬೇಕಾದಷ್ಟನ್ನು ಕನ್ನಡಕ್ಕೆ ಇಳಿಸಿಕೊಂಡ ನಮೂನೆ ಅದು. ಹೋದ ತಿಂಗಳು ಬಂದ ನಾಲ್ವರ ಒಂದು ಪ್ರಬಂಧದಲ್ಲಿ ಮೂವರ ಖಾನೆಗಳು ಸರಿಯಾಗಿ ತುಂಬಿದ್ದವು, ನಾಲ್ಕನೆಯವರ ಖಾನೆಯಲ್ಲಿ "ಪ್ರೋತ್ಸಾಹ" ಎಂದು ಬರೆದಿತ್ತು. ಆ ಹೆಸರನ್ನು ಕೃತಜ್ಞತೆಗೆ ಸರಿಸಬಹುದೇ ಎಂದು ಕೇಳಿ ವಾಪಸು ಕಳಿಸಿದೆ. ಎರಡು ದಿನಕ್ಕೆ ಪ್ರಬಂಧವನ್ನೇ ಹಿಂತೆಗೆದುಕೊಳ್ಳುತ್ತೇವೆಂದು ಉತ್ತರ ಬಂತು. ಅದು ಈಗ ಇನ್ನೊಂದು ಪತ್ರಿಕೆಯಲ್ಲಿ ಬಂದಿದೆ, ನಾಲ್ಕು ಹೆಸರುಗಳೊಂದಿಗೆ.